ಇಪ್ಪತ್ತೊಂದು ದಿನಕ್ಕೊಂದು ಸುಳ್ಳು

ಎದೆ ಸೀಳಿಸಿಕೊಳ್ಳುವ ಮುಂಚೆ ಅವ್ವನಿಗೆ ಒಂದು ಮಾತು ಹೇಳಿಬಿಡಬೇಕು ಎಂದುಕೊಂಡಿದ್ದೆ. ಅದಕ್ಕೆ ನನ್ನ ಬಳಿ ನಲವತ್ತು ದಿನ ಸಮಯವಿತ್ತು, ಎರಡು ಹೊಸ ನೋಟ್‌ಬುಕ್ಕುಗಳಿದ್ದವು, ಕನ್ನಡ ಎಂ.ಎ. ಪದವಿಯಿತ್ತು. ಧೈರ್ಯವೊಂದನ್ನು ಬಿಟ್ಟು ಬೇಕಾದ ಸಾಮಗ್ರಿಯೆಲ್ಲ ಇತ್ತು.

ಮಾತು ದೊಡ್ಡದೇನಲ್ಲ. ಹನ್ನೊಂದನೇ ವಯಸ್ಸಿನಲ್ಲಿ ನನಗೆ ಕೀಲುಜ್ವರ ಬಂದಿತ್ತು. ಇದು ಕೀಲಿನಲ್ಲಿ ಶುರುವಾಗಿ ಹೃದಯಕ್ಕೆ ಹೋಗುವ ಜ್ವರ, ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಲೇಬೇಕು, ಒಂದೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ಅವ್ವ ಒಂದನ್ನೂ ತಪ್ಪಿಸಲಿಲ್ಲ. ಅರಸೀಕೆರೆಯ ಪೇಟೆಬೀದಿಯ ಕ್ಲಿನಿಕ್ಕಿಗೆ ಕೈಹಿಡಿದು ಕರೆದೊಯ್ಯುತ್ತಿದ್ದಳು. ಕಾಂಪೌಂಡರ್ ಹುಚ್ಚಣ್ಣ ಚುಚ್ಚಿ, ಹಳದಿ ಕಾರ್ಡಿನಲ್ಲಿ ತಾರೀಖು ಹಾಕಿ, ಒಂದು ‘ಹು’ ಬರೆದು ಅದಕ್ಕೊಂದು ಬಾಲ ಎಳೆಯುತ್ತಿದ್ದ. ಅದು ಅವನ ಸಹಿ. ಆಮೇಲೆ ಎರಡು ದಿನ ನಾನು ಒಂದೇ ಕುಂಡೆಯ ಮೇಲೆ ಕೂತು ಪಾಠ ಕೇಳುತ್ತಿದ್ದೆ.

ಹದಿನೈದು ತುಂಬಿದ ಮೇಲೆ, ಇನ್ನು ನಾನೊಬ್ಬನೇ ಹೋಗುತ್ತೇನೆ, ನೀನು ಬಂದರೆ ನಾಚಿಕೆ ಎಂದೆ. ಅವ್ವ ಒಪ್ಪಿ, ಔಷಧದ ಸೀಸೆಯನ್ನೂ ಕಾರ್ಡನ್ನೂ ಕೈಗೆ ಕೊಟ್ಟು ಕಳಿಸತೊಡಗಿದಳು. ನಾನು ಸೀಸೆಯನ್ನು ಕೆರೆಗೆ ಎಸೆದು, ಲೈಬ್ರರಿಯಲ್ಲಿ ಕೂತು ಅನುವಾದದ ಕಾದಂಬರಿ ಓದುತ್ತಿದ್ದೆ. ಹಿಮ ಬೀಳುವ ಊರು, ಕುದುರೆಗಾಡಿ, ಕೆಮ್ಮುತ್ತ ಕೆಮ್ಮುತ್ತ ಸುಂದರವಾಗಿ ಸಾಯುವ ತರುಣರು. ಒಂದು ಗಂಟೆಯ ನಂತರ ಕಾರ್ಡಿನಲ್ಲಿ ‘ಹು’ ಬರೆದು, ಬಾಲ ಎಳೆದು, ಕುಂಟುತ್ತ ಮನೆಗೆ ಬರುತ್ತಿದ್ದೆ. ಒಂದು ವರ್ಷದಲ್ಲಿ ಹದಿನೇಳು ಸಲ. ನಾನು ಈವರೆಗೆ ಬರೆದಿದ್ದರಲ್ಲಿ ಓದುಗರು ಪೂರ್ತಿಯಾಗಿ ನಂಬಿದ್ದು ಆ ಕಾರ್ಡನ್ನು ಮಾತ್ರ. ಕೆರೆಯ ಮೀನುಗಳಿಗೆ ಕೀಲುಜ್ವರ ಬಂದ ವರದಿಯೂ ಇಲ್ಲ.

ಹದಿನಾರನೇ ವಯಸ್ಸಿನ ಯುಗಾದಿಗೆ ಜ್ವರ ವಾಪಸು ಬಂತು. ಬೆಳಿಗ್ಗೆ ಎದ್ದಾಗಲೇ ಮೈಕೈ ನೋವು ಎಂದಿದ್ದೆ. ಎಣ್ಣೆ ಹಚ್ಚಿ ಬಿಸಿನೀರು ಹಾಕಿದರೆ ಹೋಗುತ್ತದೆ ಎಂದು ಅವ್ವ ತಲೆ ತುಂಬ ಎಣ್ಣೆ ತಟ್ಟಿ ನೀರು ಹಾಕಿದಳು. ಮೂರನೇ ದಿನಕ್ಕೆ ಮಂಡಿ ಊದಿ ಉಸಿರು ಕಟ್ಟಿತು. ಹಾಸನದಲ್ಲಿ ಪರೀಕ್ಷೆ ಮಾಡಿ, ಹೃದಯದ ಒಂದು ವಾಲ್ವು ಕೆಟ್ಟಿದೆ ಎಂದರು. ಇಂಜೆಕ್ಷನ್ ಸರಿಯಾಗಿ ಕೊಡಿಸಿದ್ದಿರಾ ಎಂದು ಕೇಳಿದಾಗ ಅವ್ವ ಕಾರ್ಡು ಮುಂದಿಟ್ಟಳು. ಅದನ್ನು ನೋಡಿ ಅವರೂ ಸುಮ್ಮನಾದರು. ಕಾರಣ ಕಂಡುಹಿಡಿದವರು ನೋಡಲು ಬಂದ ಬಾಣಾವರದ ನಮ್ಮ ಸೋದರತ್ತೆ ವಿಶಾಲಮ್ಮ. “ಜ್ವರದ ಮೈಗೆ ಎಣ್ಣೆನೀರು ಹಾಕ್ತಾರೇನೇ ಶಾಂತಿ? ಒಳಕ್ಕೆ ಇಳ್ದೋಗೈತೆ ಅದು.”

ಅಂದಿನಿಂದ ಅವ್ವ ತನ್ನ ತಲೆಗೆ ಎಣ್ಣೆ ಹಚ್ಚಿಲ್ಲ. ನಮ್ಮದು ಕೊಬ್ಬರಿ ಮಂಡಿಯವರ ಮನೆ. ಅಟ್ಟದ ತುಂಬ ಕಾಯಿ, ಹಜಾರದ ತುಂಬ ಮೂಟೆ, ಬಾಗಿಲ ಚಿಲಕಕ್ಕೂ ಎಣ್ಣೆ. ಅಂಥ ಮನೆಯಲ್ಲಿ ಅವ್ವನ ಕೂದಲು ಮಾತ್ರ ತೆಂಗಿನ ನಾರಿನಂತೆ ಒಣಗಿ ನಿಂತಿರುತ್ತದೆ. ಯಾರಾದರೂ ಕೇಳಿದರೆ “ಹರಕೆ” ಎನ್ನುತ್ತಾಳೆ. ಹದಿನೈದು ವರ್ಷ ನಾನು ಆ ಕೂದಲನ್ನು ನೋಡುತ್ತ ಹೊಟ್ಟೆ ತುಂಬ ಊಟ ಮಾಡಿದ್ದೇನೆ.

ಹೇಳಬೇಕಾಗಿದ್ದ ಮಾತು ಇದು.

ಹಳೇಬೀಡಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಹೋದ ವರ್ಷ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳನ್ನು ಬಸ್ತಿಹಳ್ಳಿಯ ಬಸದಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಅವುಗಳ ಮುಂದೆ ನಿಂತು ಕಾಲ, ಕಲೆ, ಮನುಷ್ಯನ ಬಿಂಬ ಎಂದೆಲ್ಲ ಶುರು ಮಾಡಿದವನಿಗೆ ಮೂರನೇ ವಾಕ್ಯಕ್ಕೆ ಉಸಿರು ಸಾಲಲಿಲ್ಲ. ಕಂಬದೊಳಗೆ ನನ್ನ ಮುಖ ಸೌತೆಕಾಯಿಯಷ್ಟು ಉದ್ದವಾಗಿ, ತುಟಿ ನೀಲಿಯಾಗಿ ಕಾಣುತ್ತಿತ್ತು. ಹಾಗೇ ಕುಸಿದು ಕೂತೆ. “ಸಾರ್ ಆ್ಯಕ್ಟಿಂಗ್ ಮಾಡ್ತಿದಾರೆ,” ಎಂದು ಹಿಂದಿನಿಂದ ಒಬ್ಬಳು ಅಂದಳು. ನನ್ನ ಪಾಠದ ಶೈಲಿ ಅಂಥದು.

ಹಾಸನದ ಹೃದಯದ ಡಾಕ್ಟರ್ ಮೇಘಶ್ರೀ ಸ್ಕ್ಯಾನ್ ಮಾಡಿ, ವಾಲ್ವು ಇನ್ನು ತಡೆಯುವುದಿಲ್ಲ, ಬದಲಾಯಿಸಬೇಕು ಎಂದು ಮೈಸೂರಿಗೆ ಬರೆದುಕೊಟ್ಟರು. ಅಪ್ಪ, ಅವ್ವ, ನಾನು ಮೂವರೂ ಅಲ್ಲಿನ ಸರ್ಜನ್ ಎದುರು ಕೂತೆವು.

“ಎರಡು ಥರ ಇದೆ,” ಎಂದರು ಸರ್ಜನ್. “ಒಂದು ಲೋಹದ್ದು. ಇನ್ನೊಂದು ಪ್ರಾಣಿಯದ್ದರಿಂದ ಮಾಡಿದ್ದು.”

“ಯಾವ ಪ್ರಾಣಿ ಸಾರ್?” ಎಂದ ಅಪ್ಪ.

“ದನದ್ದಿರುತ್ತೆ. ಹಂದೀದೂ ಇರುತ್ತೆ.”

ಬೇಕರಿಯಲ್ಲಿ ಬನ್ನಿಗೂ ಮೊಟ್ಟೆ ಹಾಕಿದ್ದೀರಾ ಎಂದು ವಿಚಾರಿಸುವ ನಮ್ಮಪ್ಪ ಕರಿಬಸವಯ್ಯನವರು ಸ್ವಲ್ಪ ಹೊತ್ತು ಫ್ಯಾನು ನೋಡಿದರು. ಆಮೇಲೆ ಮಂಡಿಯ ವ್ಯಾಪಾರದ ದನಿಯಲ್ಲಿ ಕೇಳಿದರು: “ಲೋಹದ್ದು ಬಾಳಿಕೆ ಹೆಂಗೆ?”

“ಇವರ ವಯಸ್ಸಿಗೆ ಅದೇ ಒಳ್ಳೇದು. ಇವರಿಗಿಂತ ಹೆಚ್ಚು ಬಾಳುತ್ತೆ.”

“ಅಂದ್ರೆ ಇವನು ಹೋದ್ಮೇಲೂ ಅದು ಆಡ್ತಾ ಇರ್ತದಾ?”

“ಸುಮ್ನಿರಿ ನೀವು,” ಎಂದಳು ಅವ್ವ.

ಲೋಹದ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವವಿರುವವರೆಗೆ ದಿನಾ ಒಂದು ಮಾತ್ರೆ ತಿನ್ನಬೇಕು, ಒಂದು ದಿನವೂ ತಪ್ಪಿಸುವಂತಿಲ್ಲ ಎಂದು ಸರ್ಜನ್ ಹೇಳಿದರು. ಅವ್ವ ಚೀಲದಿಂದ ಫೈಲು ತೆಗೆದಳು. ಫೈಲಿನಿಂದ ಆ ಹಳದಿ ಕಾರ್ಡು ತೆಗೆದಳು.

“ನನ್ ಮಗ ಒಂದು ಇಂಜೆಕ್ಷನ್ನೂ ತಪ್ಸಿದವನಲ್ಲ ಸಾರ್, ನೋಡಿ. ನಾನೇ ಯುಗಾದಿ ದಿನ ಎಣ್ಣೆನೀರು ಹಾಕಿ ಕೆಡಿಸ್ಬುಟ್ಟೆ.”

“ಎಣ್ಣೆಸ್ನಾನಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ.”

“ಹೂಂ ಸಾರ್,” ಎಂದಳು. ಹೊರಗೆ ಕ್ಯಾಂಟೀನಿಗೆ ಬಂದ ಮೇಲೆ ಅಪ್ಪನಿಗೆ ಹೇಳಿದಳು, “ಒಳ್ಳೆ ಮನುಷ್ಯ. ನನ್ ಮನಸ್ಸಿಗೆ ನೋವಾಗ್ಬಾರ್ದು ಅಂತ ಹಂಗಂದ್ರು.”

ಆ ಕ್ಷಣವೇ ಬಾಯಿ ಬಿಡಬಹುದಿತ್ತು. ನನಗೆ ಸನ್ನಿವೇಶ ಸರಿ ಎನಿಸಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಪಕ್ಕದ ಮೇಜಿನವರು ಚೌಚೌಬಾತ್ ತಿನ್ನುತ್ತಿರುವಾಗ ಇಂಥ ಮಾತು ಹೇಳಲಾಗುತ್ತದೆಯೇ? ಪತ್ರ ಬರೆಯೋಣ ಎಂದು ತೀರ್ಮಾನಿಸಿದೆ. ಮೊದಲ ಕರಡು ಹನ್ನೊಂದು ಪುಟವಾಯಿತು. ಅದರಲ್ಲಿ ಅಪರಾಧದ ಬಗ್ಗೆ ಒಂಬತ್ತು ಪುಟ, ನನ್ನ ಬಾಲ್ಯದ ಏಕಾಂತದ ಬಗ್ಗೆ ಎರಡು ಪುಟ ಇದ್ದವು, ಇಂಜೆಕ್ಷನ್ ಎಂಬ ಪದವೇ ಇರಲಿಲ್ಲ. ಎರಡನೇ ಕರಡಿನಲ್ಲಿ ಹಿಮ ಬಂತು. ಮೂರನೆಯದನ್ನು ಶುರು ಮಾಡುವಷ್ಟರಲ್ಲಿ ಹಲ್ಲಿನ ಡಾಕ್ಟರು ಕರೆದರು. ಹಲ್ಲಿನ ಕೊಳೆತ ಹೊಸ ವಾಲ್ವಿಗೆ ಹತ್ತುತ್ತದಂತೆ. ಹೃದಯ ಸರಿಮಾಡಲು ಹೋದವನ ಎರಡು ದವಡೆಹಲ್ಲು ಮೊದಲು ಹೋದವು. ಒಂದು ವಾರ ಬಾಯಿ ಊದಿಕೊಂಡು, ಮಾತನಾಡದೆ ಇರಲು ಗೌರವಯುತ ಕಾರಣ ಸಿಕ್ಕಿತು.

ಆಪರೇಷನ್ನಿನ ಹಿಂದಿನ ಸಂಜೆ ಇದ್ದದ್ದು ಕೊನೆಯ ಅವಕಾಶ. ಕ್ಷೌರಿಕ ಬಂದು ಕತ್ತಿನಿಂದ ಕಾಲಿನವರೆಗೆ ಬೋಳಿಸಿ ಹೋದ. ಕನ್ನಡಿಯಲ್ಲಿ ಸಿಪ್ಪೆ ತೆಗೆದ ಗೆಣಸಿನಂತೆ ಕಾಣುತ್ತಿದ್ದೆ. ಊರಿನಿಂದ ಹೊರಡುವಾಗ ಅವ್ವ ನನ್ನ ಕೊರಳಿಗೆ ಲಿಂಗ ಕಟ್ಟಿದ್ದಳು. ಹಾಸ್ಟೆಲ್ ಸೇರಿದ ಮೇಲೆ ನಾನು ಅದನ್ನು ಕಟ್ಟಿದ್ದೇ ಇಲ್ಲ. ಮೈಮೇಲೆ ದಾರವೂ ಇರಬಾರದು ಎಂದು ನರ್ಸ್ ಹೇಳಿದ್ದರಿಂದ ಅವ್ವ ಅದನ್ನು ಬಿಚ್ಚಿ ಎಡ ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮಂಚದ ಪಕ್ಕ ಕೂತಳು.

“ಅವ್ವಾ,” ಎಂದೆ. “ಆ ಇಂಜೆಕ್ಷನ್ ವಿಷಯ...”

ಕಣ್ಣು ಬಿಡದೆಯೇ ಅವಳು ನನ್ನ ಬೋಳು ಎದೆಯ ಮೇಲೆ ಬಲಗೈ ಇಟ್ಟಳು. “ಏನೂ ನೋಯಲ್ಲ ಕಣೋ. ಮಲಗಿಸ್ಬುಟ್ಟು ಚುಚ್ತಾರಂತೆ. ಇಷ್ಟು ವರ್ಷ ಚುಚ್ಚಿಸ್ಕೊಂಡವನು ನೀನು, ಇದೊಂದಕ್ಕೆ ಹೆದರ್ತೀಯಾ?”

ಹೆದರುವುದಿಲ್ಲ ಎಂದೆ. ಅಲ್ಲಿಗೆ ಮುಗಿಯಿತು. ಸಾಯುವ ಸಾಧ್ಯತೆ ನೂರಕ್ಕೆ ಮೂರು ಎಂದಿದ್ದರು. ಆ ಮೂರರ ಬಗ್ಗೆ ಯೋಚಿಸುವಾಗ ನನಗೆ ಸ್ವಲ್ಪ ಆಸೆಯೂ ಆಯಿತು, ಸತ್ತರೆ ಹೇಳಬೇಕಾಗಿಲ್ಲ.

ಸಾಯಲಿಲ್ಲ. ಎಚ್ಚರವಾದಾಗ ಗಂಟಲಲ್ಲಿ ಕೊಳವೆ, ಎದೆಯ ಮೇಲೆ ಯಾರೋ ರಾಗಿಮೂಟೆ ಇಟ್ಟಂಥ ಭಾರ, ಎಲ್ಲೋ ಒಂದು ಗಡಿಯಾರದ ಸದ್ದು. ಗೋಡೆಯ ಮೇಲೆಲ್ಲ ಹುಡುಕಿದೆ. ಗಡಿಯಾರ ನನ್ನೊಳಗೇ ಇತ್ತು. ಟಿಕ್, ಟಿಕ್, ಟಿಕ್. ವಾರ್ಡಿಗೆ ತಂದ ದಿನ ಅಪ್ಪ ಬಗ್ಗಿ ಎದೆಯ ಹತ್ತಿರ ಕಿವಿ ತಂದ. ಅಟ್ಟದಿಂದ ಇಳಿಸಿದ ಕಾಯಿಯನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಕೇಳುವಾಗ ಅವನ ಮುಖ ಹೇಗಿರುತ್ತದೋ ಹಾಗೇ ಇತ್ತು.

“ಚೆನ್ನಾಗಿ ಬಿಟ್ಕೊಂಡೈತೆ,” ಎಂದ.

ಎಂಟು ವಾರ ಅರಸೀಕೆರೆಯ ಮನೆಯಲ್ಲಿ ಮಲಗಿದ್ದೆ. ತಂತಿ ಹಾಕಿ ಹೊಲಿದ ಎದೆ. ಪಕ್ಕಕ್ಕೆ ಹೊರಳುವಂತಿಲ್ಲ, ಕೊಡ ಎತ್ತುವಂತಿಲ್ಲ, ಕೆಮ್ಮು ಬಂದರೆ ದಿಂಬನ್ನು ಎದೆಗೆ ಅಪ್ಪಿಕೊಂಡು ಕೆಮ್ಮಬೇಕು. ನಾನು ಓದಿದ ಕಾದಂಬರಿಗಳಲ್ಲಿ ಚೇತರಿಸಿಕೊಳ್ಳುವವರು ಕಿಟಕಿಯಾಚೆ ನೋಡಿ ಬದುಕನ್ನು ಹೊಸದಾಗಿ ಕಾಣುತ್ತಾರೆ. ನನ್ನ ಕಿಟಕಿಯಾಚೆ ಮಂಡಿಯ ಹಿಂಗೋಡೆ ಇತ್ತು. ಅದಕ್ಕೆ ದಿನಾ ಹತ್ತು ಗಂಟೆಗೆ ಒಬ್ಬ ಲಾರಿ ಡ್ರೈವರ್ ಬಂದು ಉಚ್ಚೆ ಹೊಯ್ಯುತ್ತಿದ್ದ. ನೋಡಲು ಬಂದವರೆಲ್ಲ ಎಳನೀರು ತಂದರು, ಟಿಕ್‌ಟಿಕ್ ಕೇಳಿಸಿಕೊಂಡು ಹೋದರು.

ಅವ್ವ ದಿನಕ್ಕೆ ನಾಲ್ಕು ಸಲ ತಟ್ಟೆ ತರುತ್ತಿದ್ದಳು. ಪ್ರತಿ ತಟ್ಟೆಯ ಜೊತೆ ಆ ಒಣಕೂದಲೂ ನನ್ನ ಮುಂದೆ ಬಗ್ಗುತ್ತಿತ್ತು. ಇವತ್ತು ಹೇಳುತ್ತೇನೆ ಎಂದುಕೊಂಡು ತಟ್ಟೆ ಖಾಲಿ ಮಾಡುತ್ತಿದ್ದೆ. ಹಾಕಿದ್ದನ್ನೆಲ್ಲ ತಿನ್ನುವುದು ನನ್ನ ಪ್ರಾಯಶ್ಚಿತ್ತದ ಮೊದಲ ಕಂತು ಎಂದು ಭಾವಿಸಿದ್ದೆ. ಎರಡನೇ ಕಂತು ಬರಲೇ ಇಲ್ಲ.

ಮಾತ್ರೆಯ ಪ್ರಮಾಣ ಸರಿಯಿದೆಯೇ ಎಂದು ತಿಳಿಯಲು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಐಎನ್‌ಆರ್ ಎಂಬ ಒಂದು ಅಂಕಿ ಬರುತ್ತದೆ. ಅದು ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು. ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತಿದೆ ಎಂದರ್ಥ. ಮೊದಲು ಎರಡು ಮುಕ್ಕಾಲು ಇದ್ದದ್ದು ಮನೆಗೆ ಬಂದ ಮೇಲೆ ಎರಡಾಯಿತು. ಮಾತ್ರೆ ಹೆಚ್ಚಿಸಿದರು. ಎಂಟನೇ ವಾರಕ್ಕೆ ಒಂದು ಪಾಯಿಂಟ್ ನಾಲ್ಕಕ್ಕೆ ಇಳಿಯಿತು. ಡಾಕ್ಟರ್ ಮೇಘಶ್ರೀ ತಕ್ಷಣ ಹಾಸನಕ್ಕೆ ಬರಹೇಳಿದರು. ಅಪ್ಪನಿಗೆ ಕೊಬ್ಬರಿ ಹರಾಜಿನ ದಿನವಾದ್ದರಿಂದ ಅವ್ವ ಜೊತೆಗೆ ಬಂದಳು.

“ಮಾತ್ರೆ ಎಷ್ಟು ದಿನ ಬಿಟ್ರಿ?” ಎಂದರು ಡಾಕ್ಟರು.

“ಬಿಟ್ಟಿಲ್ಲ ಮೇಡಂ.”

“ನಿಜ ಹೇಳಿ. ನಾನೇನು ಬೈಯಲ್ಲ.”

“ನಿಜವಾಗ್ಲೂ ಬಿಟ್ಟಿಲ್ಲ.”

ಬದುಕಿನಲ್ಲಿ ಮೊದಲ ಸಲ ಔಷಧದ ಬಗ್ಗೆ ಸತ್ಯ ಹೇಳುತ್ತಿದ್ದೆ. ಅಭ್ಯಾಸವಿಲ್ಲದ್ದರಿಂದ ಅದು ಕದ್ದವನ ಮಾತಿನಂತೆ ಕೇಳಿಸಿತು. ಎದೆಯ ಗಡಿಯಾರ ಓಡಿತು. ಡಾಕ್ಟರು ಅವ್ವನ ಕಡೆ ತಿರುಗಿದರು.

“ಇಲ್ಲ ಮೇಡಂ, ಇವನು ಬಿಡೋನಲ್ಲ. ಚಿಕ್ಕೋನಿದ್ದಾಗ್ಲೇ...” ಎಂದು ಅವ್ವ ಫೈಲಿಗೆ ಕೈಹಾಕಿದಳು.

“ಊಟಕ್ಕೇನು ಕೊಡ್ತಿದೀರ? ಸೊಪ್ಪು ಒಂದೇ ಸಮ ಜಾಸ್ತಿ ಕೊಡ್ಬೇಡಿ ಅಂದಿದ್ನಲ್ಲ, ಅದರಿಂದ ಮಾತ್ರೆ ಕೆಲ್ಸ ಮಾಡಲ್ಲ ಅಂತ.”

“ಅಯ್ಯೋ, ಒಂದೆಲೆ ಸೊಪ್ಪು ಹಾಕಿಲ್ಲ. ಬರೀ ಬಸ್ಸಾರು.”

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರೂ ನಮ್ಮ ತಾಲ್ಲೂಕಿನ ಕಣಕಟ್ಟೆ ಕಡೆಯವರು, ಬಸ್ಸಾರು ಬಲ್ಲವರು. “ಬಸ್ಸಾರಿಗೆ ಏನು ಬೇಯಿಸ್ತೀರಮ್ಮ?”

“ನುಗ್ಗೆಸೊಪ್ಪು. ಬೇಯಿಸಿ ಬಸ್ಕೊಂಡು, ಸೊಪ್ಪನ್ನ ಇವರಪ್ಪಂಗೆ ಪಲ್ಯ ಮಾಡ್ತೀನಿ. ನೀರನ್ನ ಇವನಿಗೆ ಸಾರು.”

“ಖಾರಕ್ಕೆ?”

“ಖಾರಕ್ಕೆ ಒಂದೆರಡು ಹಿಡಿ ಬೆಂದ ಸೊಪ್ಪು ಹಾಕಿ ರುಬ್ತೀನಿ. ಇಲ್ದಿದ್ರೆ ಸಾರು ಮಂದ ಬರಲ್ವಲ್ಲ.” ಹೇಳುತ್ತ ಹೇಳುತ್ತ ಅವ್ವನ ದನಿ ಇಳಿಯಿತು. “ರಕ್ತ ಆಗ್ಲಿ ಅಂತ ದಿನಾ ಎರಡೊತ್ತು ಹಾಕ್ತಿದ್ದೆ.”

ಡಾಕ್ಟರು ಬೈಯಲಿಲ್ಲ. ಇಡೀ ಜಿಲ್ಲೆಯಲ್ಲಿ ಎಲ್ಲ ಅಮ್ಮಂದಿರೂ ಮಾಡುವುದು ಇದನ್ನೇ ಎಂದರು. ಆದರೆ ವಾಲ್ವಿನ ಮೇಲೆ ಹೆಪ್ಪುಗಟ್ಟಿ ಅದರ ಚೂರು ಮಿದುಳಿಗೆ ಹೋದರೆ ಕೈಕಾಲು ಬಿದ್ದುಹೋಗುತ್ತದೆ ಎಂದೂ ಹೇಳಿದರು. ನನ್ನನ್ನು ಮಲಗಿಸಿ ಸ್ಕ್ಯಾನ್ ಮಾಡಿದರು. ಅವ್ವ ಗೋಡೆಗೆ ಒರಗಿ ನಿಂತಿದ್ದಳು. ಪರದೆಯ ಮೇಲೆ ವಾಲ್ವಿನ ಎರಡು ರೆಕ್ಕೆ ತೆರೆದು ಮುಚ್ಚುತ್ತಿದ್ದವು.

“ಸದ್ಯಕ್ಕೆ ಹೆಪ್ಪು ಕಾಣ್ತಿಲ್ಲ,” ಎಂದರು ಡಾಕ್ಟರು.

“ಆವಾಗ್ಲೂ ನಾನೇ, ಈವಾಗ್ಲೂ ನಾನೇ,” ಎಂದಳು ಅವ್ವ. ನಮಗೆ ಹೇಳಿದ್ದಲ್ಲ, ಗೋಡೆಗೆ ಹೇಳಿದ್ದು. “ಹೆತ್ತ ಕೈಯಲ್ಲೇ ಎರಡು ಸಲ ಆಯ್ತು. ಮೂರನೇದ್ದು ಕಾಯ್ತಾ ಕುಂತಿರ್ಬೇಕು ನಾನು.”

ನಾನು ಅಂಗಿಯಿಲ್ಲದೆ, ಎದೆಗೆಲ್ಲ ಅಂಟಂಟು ಜೆಲ್ಲಿ ಬಳಿಸಿಕೊಂಡು ಮಲಗಿದ್ದೆ. ಇದಕ್ಕಿಂತ ಕೆಟ್ಟ ಸನ್ನಿವೇಶ ಯಾವ ಕಾದಂಬರಿಕಾರನೂ ಆರಿಸುವುದಿಲ್ಲ.

“ಅವ್ವಾ, ಆ ಕಾರ್ಡಿನಲ್ಲಿರೋ ಸಹಿ ನಂದು.”

“ಯಾವ ಸಹಿ?”

“ಕೊನೇ ವರ್ಷದ್ದು. ಹುಚ್ಚಣ್ಣಂದಲ್ಲ. ನಾನು ಇಂಜೆಕ್ಷನ್‌ಗೆ ಹೋಗ್ತಿರ್ಲಿಲ್ಲ. ಲೈಬ್ರರೀಲಿ ಕೂತು ಪುಸ್ತಕ ಓದ್ತಿದ್ದೆ.”

ಡಾಕ್ಟರು ಮೆಷಿನ್ನಿನ ವೈರು ಸುತ್ತತೊಡಗಿದರು. ಸುತ್ತುವ ಅಗತ್ಯವಿರಲಿಲ್ಲ.

“ಎಷ್ಟು?” ಎಂದಳು ಅವ್ವ.

“ಹದಿನೇಳು.”

ಅವ್ವ ಡಾಕ್ಟರ ಕಡೆ ತಿರುಗಿದಳು. “ಆ ಹದಿನೇಳೂ ಕೊಡ್ಸಿದ್ರೆ ಹಿಂಗಾಗ್ತಿರ್ಲಿಲ್ವಾ ಮೇಡಂ?”

“ಬಹುಶಃ ಆಗ್ತಿರ್ಲಿಲ್ಲಮ್ಮ.”

“ಎಣ್ಣೆನೀರಿಂದ ಅಲ್ವಾ?”

“ಅಲ್ಲ.”

ಅವ್ವ ಫೈಲಿಗೆ ದಾರ ಕಟ್ಟಿ ಚೀಲಕ್ಕೆ ಹಾಕಿಕೊಂಡಳು. ಹೊಟ್ಟೆಗೆ ಚುಚ್ಚಿಸಿಕೊಳ್ಳಬೇಕಾದ ಇಂಜೆಕ್ಷನ್, ಹೊಸ ಪ್ರಮಾಣದ ಮಾತ್ರೆ, ದಿನಕ್ಕೆ ಅಳತೆಯ ಒಂದು ಸಣ್ಣ ಬಟ್ಟಲು ಸೊಪ್ಪು ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಸರಿಯಾಗಿ ಕೇಳಿಸಿಕೊಂಡಳು. ಬಸ್ಸಿನಲ್ಲಿ ನನ್ನನ್ನು ಹಿಂದೆ ಕೂರಿಸಿ ತಾನು ಮುಂದೆ ಹೆಂಗಸರ ನಡುವೆ ಹೋಗಿ ಕೂತಳು.

ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂವರೂ ಒಂದೇ ಹಜಾರದಲ್ಲಿದ್ದಾಗಲೂ ಅಪ್ಪನ ಮೂಲಕ ವ್ಯವಹಾರ ನಡೆಯಿತು.

“ಮಾತ್ರೆ ತಗಂಡ್ನಾ ಕೇಳಿ.”

“ಅಲ್ಲೇ ಕುಂತವ್ನೆ, ನೀನೇ ಕೇಳೇ.”

“ಅವನ ಬಾಯಿಮಾತು ನಂಗೆ ಬ್ಯಾಡ. ಶೀಟು ಈಸ್ಕೊಂಡು ಎಣಿಸಿ.”

ಅಪ್ಪ ಕನ್ನಡಕ ಹಾಕಿಕೊಂಡು ಮಾತ್ರೆ ಎಣಿಸುತ್ತಿದ್ದ. ನನಗೋ, ಸತ್ಯ ಹೇಳಿದ ಮೇಲೆ ಏನೋ ಒಂದು ಆಗುತ್ತದೆ ಎಂಬ ನಿರೀಕ್ಷೆ. ಮೂರನೇ ದಿನ ಅವ್ವನ ಬಾಚಣಿಗೆಯ ಪಕ್ಕ ಎಣ್ಣೆಯ ಬಾಟಲಿ ಇಟ್ಟೆ. ಸಂಜೆ ಅದು ಅಡುಗೆಮನೆಯಲ್ಲಿತ್ತು, ಅದರಲ್ಲಿ ಹಪ್ಪಳ ಕರಿದಿದ್ದಳು. “ಹದಿನೈದು ವರ್ಷ ಇಲ್ದೆ ತಲೆಗೆ ಒಗ್ಗೋಗೈತೆ. ಈಗ ಹಾಕಿದ್ರೆ ನೆಗಡಿ ಬತ್ತದೆ ಅಂತ ಹೇಳಿ ಅವನಿಗೆ,” ಎಂದು ಅಪ್ಪನ ಮೂಲಕ ಉತ್ತರ ಬಂತು. ಹಪ್ಪಳ ನನಗೂ ಎರಡು ಸಿಕ್ಕವು.

ಐದನೇ ದಿನ ಮಧ್ಯಾಹ್ನ ಅವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅಪ್ಪ ಬಾಗಿಲ ಬಳಿ ಮೂಟೆಯ ಮೇಲಿದ್ದ. ಇದ್ದಕ್ಕಿದ್ದಂತೆ ಅವ್ವ ಕೇಳಿದಳು: “ಏನಿತ್ತು ಆ ಪುಸ್ತಕದಾಗೆ?”

ಅಪ್ಪ ನನ್ನ ಕಡೆ ತಿರುಗಿ, “ಏನಿತ್ತು ಅಂತೆ,” ಎಂದ.

“ನಿಮ್ಮನ್ನಲ್ಲ. ಅವನನ್ನ ಕೇಳಿದ್ದು. ಹದಿನೇಳು ಸಲ ಓದಿದ್ಯಲ್ಲ, ಏನಿತ್ತು ಹೇಳು, ನಾನೂ ಕೇಳ್ತೀನಿ.”

ಏಳು ವರ್ಷ ಪಾಠ ಮಾಡಿದ ಗಂಟಲು ಸರಿಮಾಡಿಕೊಂಡೆ. “ಒಬ್ಬ ಮನುಷ್ಯ ಇದ್ದ. ಚಳಿಗಾಲ. ಕುದುರೆಗಾಡೀಲಿ ಹೋಗ್ತಿದ್ದ.”

“ಎಲ್ಲಿಗೆ?”

“ಒಂದು ಮನೆಗೆ. ಅಲ್ಲೊಬ್ಬಳು ಇದ್ಲು.”

“ಮದುವೆ ಆಗಿತ್ತಾ?”

“ಅವಳಿಗೆ ಆಗಿತ್ತು.”

“ಸರಿ. ಆಮೇಲೆ?”

ಆಮೇಲೆ ಏನಾಯಿತೋ ನೆನಪಿಗೆ ಬರಲಿಲ್ಲ. ಹಿಮ ನೆನಪಿತ್ತು, ಕುದುರೆಯ ಮೂಗಿನ ಹಬೆ ನೆನಪಿತ್ತು. ಒಂದು ಪತ್ರ ಬಂತು, ಅದರಲ್ಲಿ ಅವನ ತಾಯಿಗೆ ಕಾಯಿಲೆ ಎಂದಿತ್ತು ಎಂದು ಸೇರಿಸತೊಡಗಿದೆ. ಅವ್ವ ಕೈ ನಿಲ್ಲಿಸಿ ನನ್ನ ಎದೆಯ ಕಡೆ ಕಿವಿಗೊಟ್ಟಳು.

“ಗಡಿಯಾರ ಜೋರಾಯ್ತು. ಇದು ನೀನು ಕಟ್ಟಿದ್ದು.”

“ಹೂಂ,” ಎಂದೆ. “ಮುಂದಿಂದು ನೆನಪಿಲ್ಲವ್ವ.”

ಐದು ದಿನಗಳಲ್ಲಿ ಮೊದಲ ಸಲ ಅವಳು ನನ್ನ ಮುಖ ನೋಡಿದಳು. “ನಾನು ಹದಿನೈದು ವರ್ಷ ತಲೆ ಒಣಗಿಸ್ಕೊಂಡು ಕುಂತಿದ್ದೆ. ನಿನ್ ಕೈಲಿ ಅದನ್ನ ನೆನಪಿಟ್ಕೊಳಕೂ ಆಗ್ಲಿಲ್ವೇನೋ?”

ಅವಳು ನಾಲ್ಕು ಕಾಯಿ ಸುಲಿದಳು.

“ಇನ್ನೇನೇನು ಐತೆ ಈಗಲೇ ಹೇಳ್ಬುಡು. ಡಾಕ್ಟರ ಮುಂದೆ ನಿಂತು ಕೇಳೋ ಶಕ್ತಿ ಇನ್ನೊಂದು ಸಲಕ್ಕೆ ನಂಗಿಲ್ಲ.”

ಪ್ರಾಮಾಣಿಕವಾಗಿ ಯೋಚಿಸಿದೆ. ಪರೀಕ್ಷೆ, ಹಾಸ್ಟೆಲ್, ಬೇಲೂರಿನ ಒಬ್ಬ ಸಹೋದ್ಯೋಗಿಯ ಜೊತೆ ನಡೆಯದೆ ಹೋದ ಒಂದು ಪ್ರೇಮ. ಅದಾವುದರಲ್ಲೂ ಅವ್ವನಿಗೆ ಹೇಳಿದ ಸುಳ್ಳಿರಲಿಲ್ಲ. ಕಡೆಗೆ ಒಂದು ಸಿಕ್ಕಿತು.

“ಬಸ್ಸಾರು ನಂಗೆ ಸೇರಲ್ಲ,” ಎಂದೆ.

“ಏನು?”

“ಬಸ್ಸಾರು. ಮೊದ್ಲಿಂದಲೂ ಸೇರಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ ತಿಂತಿದ್ದೆ.”

ಅವ್ವ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. ಹದಿನೇಳು ಇಂಜೆಕ್ಷನ್ನಿನ ಸುದ್ದಿ ಕೇಳಿದಾಗಲೂ ಅವಳ ಮುಖ ಹೀಗಾಗಿರಲಿಲ್ಲ. “ಮೂವತ್ತು ವರ್ಷ ಸುರ್ಕೊಂಡು ಸುರ್ಕೊಂಡು ತಿಂದ್ಯಲ್ಲೋ,” ಎಂದು ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು ಕೇಳಿಸಿತು.

“ಅದೊಂದನ್ನ ಹೇಳ್ಬಾರ್ದಿತ್ತು ಕಣ್ಲಾ,” ಎಂದ ಅಪ್ಪ ಮೂಟೆಯ ಮೇಲಿಂದ.

ಆದರೆ ಊಟಕ್ಕೆ ತಟ್ಟೆಯನ್ನು ಅವಳೇ ತಂದಳು. ಮುದ್ದೆ, ಅವರೆಕಾಳು ಸಾರು, ಅಳೆದ ಬಟ್ಟಲಿನಲ್ಲಿ ಒಂದು ತುತ್ತು ಸೊಪ್ಪು. ನನ್ನೆದುರು ಚಕ್ಕಂಬಕ್ಕಳ ಹಾಕಿಕೊಂಡು ಕೂತಳು.

“ತಿನ್ನು. ಸೇರ್ದಿದ್ರೆ ಈಗಲೇ ಹೇಳು.”

ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ. ಅವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ಉಪ್ಪು ಕಮ್ಮಿ,” ಎಂದೆ.

“ಡಾಕ್ಟರು ಕಮ್ಮಿ ಅಂದವ್ರೆ,” ಎಂದಳು. “ಇನ್ನೊಂದು ಸೌಟು ಹಾಕ್ಲಾ, ಬ್ಯಾಡ್ವಾ?”